ಮಗುವಿನ ಎದೆಯೊಳಗಿನ ಹಾಯಿ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮೊಮ್ಮಗನಿಗೆ ಆಗ ಏಳು ತಿಂಗಳು. ಕೆಮ್ಮು, ಜ್ವರ ವಾರವಾದರೂ ಇಳಿಯಲಿಲ್ಲವೆಂದು ಎದೆಯ ಎಕ್ಸ್‌ರೇ ತೆಗೆಸಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕುಳಿತವನು ಕುತೂಹಲ ತಡೆಯಲಾರದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೃದಯದ ನೆರಳಿನ ಮೇಲ್ಭಾಗದಿಂದ ಒಂದು ಪಕ್ಕಕ್ಕೆ, ದೋಣಿಯ ಹಾಯಿಯಂತೆ, ತ್ರಿಕೋನಾಕಾರದ ಬಿಳಿಯ ಛಾಯೆಯೊಂದು ಚಾಚಿಕೊಂಡಿತ್ತು. ನನ್ನ ಕೈ ನಡುಗಿತು. ಮಗಳಿಗೆ ಏನೂ ಹೇಳದೆ ಒಳಗೆ ಹೋಗಿ ಡಾಕ್ಟರಮ್ಮನಿಗೆ ಅದನ್ನು ತೋರಿಸಿದೆ. ಆಕೆ ನಕ್ಕು, "ಗಾಬರಿಯಾಗಬೇಡಿ ಸರ್, ಅದು ಥೈಮಸ್. ಈ ವಯಸ್ಸಿನಲ್ಲಿ ಇರಬೇಕಾದದ್ದೇ" ಎಂದರು. ಕೆಮ್ಮಿಗೆ ಔಷಧಿ ಬರೆದುಕೊಟ್ಟರು. ಮಗು ಗುಣವಾಯಿತು.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಗ್ರಂಥಿಗಳ ಪಾಠ ಬಂದಾಗ ಥೈರಾಯ್ಡ್‌ಗೆ ಒಂದು ಪೂರ್ತಿ ಪೀರಿಯಡ್ಡು, ಥೈಮಸ್‌ಗೆ ಒಂದೇ ವಾಕ್ಯ: "ಎದೆಯಲ್ಲಿರುತ್ತದೆ, ಬೆಳೆದಂತೆ ಕುಗ್ಗುತ್ತದೆ." ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುತ್ತಿರಲಿಲ್ಲ. ಆ ದಿನದ ನಾಚಿಕೆಯಿಂದಲೇ ಈ ಗ್ರಂಥಿಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದಿದ ಮೇಲೆ ತಿಳಿಯಿತು, ಆ ಬಿಳಿಯ ಹಾಯಿಯನ್ನು ಕಂಡು ಬೆದರಿದವನು ನಾನೊಬ್ಬನೇ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದೊಡ್ಡ ದೊಡ್ಡ ವೈದ್ಯರೇ ಬೆದರಿದ್ದರು. ಅವರ ಬೆದರಿಕೆಗೆ ಬೆಲೆ ತೆತ್ತವರು ಆರೋಗ್ಯವಾಗಿದ್ದ ಸಾವಿರಾರು ಹಸುಗೂಸುಗಳು.

ಕಥೆ ಎಕ್ಸ್‌ರೇಗಿಂತಲೂ ಹಳೆಯದು. ರಾತ್ರಿ ಚೆನ್ನಾಗಿಯೇ ಮಲಗಿದ್ದ ಮಗು ಬೆಳಗ್ಗೆ ತೊಟ್ಟಿಲಲ್ಲಿ ಸತ್ತಿರುವುದು, ಸಣ್ಣ ಶಸ್ತ್ರಚಿಕಿತ್ಸೆಗೆಂದು ಕ್ಲೋರೋಫಾರ್ಮ್ ಕೊಟ್ಟ ಮಗು ಏಳದೇ ಹೋಗುವುದು, ಇಂಥ ಸಾವುಗಳಿಗೆ ಯೂರೋಪಿನ ವೈದ್ಯರಲ್ಲಿ ಉತ್ತರವಿರಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಇಂಥ ಮಕ್ಕಳ ಎದೆಯಲ್ಲಿ ದೊಡ್ಡ ಥೈಮಸ್ ಕಾಣಿಸುತ್ತಿತ್ತು. ಅದು ಶ್ವಾಸನಾಳವನ್ನು ಒತ್ತಿ ಉಸಿರು ಕಟ್ಟಿಸುತ್ತದೆಂದು ಕೆಲವರು ಹೇಳಿದರು. 1889ರಲ್ಲಿ ವಿಯೆನ್ನಾದ ಆರ್ನಾಲ್ಡ್ ಪಾಲ್ಟಾಫ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದು ಇಡೀ ದೇಹಪ್ರಕೃತಿಯದೇ ದೌರ್ಬಲ್ಯವೆಂದು ಸಾರಿದರು. ಅದಕ್ಕೆ 'ಸ್ಟೇಟಸ್ ಥೈಮಿಕೋ-ಲಿಂಫ್ಯಾಟಿಕಸ್' ಎಂಬ ಹೆಸರೂ ನಿಂತಿತು. ಲ್ಯಾಟಿನ್ ಹೆಸರೊಂದು ಸಿಕ್ಕಿದ ಮೇಲೆ ಕಾಯಿಲೆ ಇರುವುದಕ್ಕೆ ಬೇರೆ ಸಾಕ್ಷಿ ಯಾರಿಗೂ ಬೇಡವಾಯಿತು.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇಯನ್ನು, ನಮ್ಮ ಪಾಠಪುಸ್ತಕದ 'ಕ್ಷ-ಕಿರಣ'ವನ್ನು, ಕಂಡುಹಿಡಿದರಷ್ಟೆ. ಸತ್ತ ಮೇಲೆ ಕಾಣುತ್ತಿದ್ದ ಗ್ರಂಥಿ ಈಗ ಬದುಕಿರುವ ಮಗುವಿನಲ್ಲಿಯೇ ಕಾಣತೊಡಗಿತು. ಕಿರಣ ತಾಗಿದರೆ ಥೈಮಸ್ ಬೇಗನೆ ಕುಗ್ಗುತ್ತದೆಂಬುದೂ ಗೊತ್ತಾಯಿತು. 1907ರಲ್ಲಿ ಅಮೆರಿಕದ ಸಿನ್ಸಿನಾಟಿಯ ಆಲ್ಫ್ರೆಡ್ ಫ್ರೀಡ್‌ಲ್ಯಾಂಡರ್ ಒಂದು ಮಗುವಿಗೆ ಹೀಗೆ ಚಿಕಿತ್ಸೆ ಮಾಡಿ ಯಶಸ್ಸು ಕಂಡ ವರದಿ ಪ್ರಕಟಿಸಿದರು. ನೋಡುವುದೂ ಅದೇ ಕಿರಣದಿಂದ, ಗುಣಪಡಿಸುವುದೂ ಅದೇ ಕಿರಣದಿಂದ! ಚಿತ್ರ ತೆಗೆಯಲು ಬೇಕಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿಕಿರಣವನ್ನು ಹಸುಳೆಗಳ ಎದೆಗೆ ಹಾಯಿಸಲಾಯಿತು. ಗ್ರಂಥಿ ಕುಗ್ಗುತ್ತಿತ್ತು, ಮಗು ಬದುಕುತ್ತಿತ್ತು, ತಂದೆತಾಯಿಗಳು ವೈದ್ಯರಿಗೆ ಕೈಮುಗಿಯುತ್ತಿದ್ದರು. ಕಿರಣ ಹಾಯಿಸದಿದ್ದರೂ ಆ ಮಗು ಬದುಕುತ್ತಿತ್ತೆಂಬುದನ್ನು ತಿಳಿಯುವ ದಾರಿ ಯಾರಿಗೂ ತೋಚಲಿಲ್ಲ. ಕೆಲವು ಕಡೆ ಯಾವ ತೊಂದರೆಯೂ ಇಲ್ಲದ ನವಜಾತ ಶಿಶುಗಳಿಗೂ ಮುನ್ನೆಚ್ಚರಿಕೆಯೆಂದು ಈ ಚಿಕಿತ್ಸೆ ಕೊಟ್ಟರು.

ತಪ್ಪು ಎಲ್ಲಿತ್ತು? ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಕ್ಸ್‌ರೇ ಸುಳ್ಳು ಹೇಳಿರಲಿಲ್ಲ. ಗ್ರಂಥಿ ನಿಜವಾಗಿಯೂ ಅಷ್ಟು ದೊಡ್ಡದಿತ್ತು. ಆದರೆ 'ದೊಡ್ಡದು' ಎನ್ನಬೇಕಾದರೆ ಯಾವುದಕ್ಕಿಂತ ದೊಡ್ಡದು ಎಂದು ಕೇಳಬೇಕಲ್ಲವೇ? ಸಹಜವಾದ ಥೈಮಸ್ ಎಷ್ಟಿರಬೇಕೆಂಬ ಕಲ್ಪನೆ ಬಂದದ್ದು ಶವಗಳಿಂದ. ಇಂಗ್ಲೆಂಡಿನಲ್ಲಿ 1832ರ ಕಾನೂನಿನ ಮೇರೆಗೆ ಬಡವರ ಆಶ್ರಯಗೃಹಗಳಲ್ಲಿ ಸತ್ತು, ಕೇಳುವವರಿಲ್ಲದ ದೇಹಗಳು ಅಂಗರಚನಾಶಾಸ್ತ್ರದ ಶಾಲೆಗಳಿಗೆ ಹೋಗುತ್ತಿದ್ದವು. ಆಸ್ಪತ್ರೆಗಳ ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ ಬರುತ್ತಿದ್ದವರೂ ಹೆಚ್ಚಾಗಿ ಬಡವರ ಮಕ್ಕಳೇ: ಹಸಿವು, ಭೇದಿ, ಕ್ಷಯಗಳಲ್ಲಿ ತಿಂಗಳುಗಟ್ಟಲೆ ನರಳಿ ಸತ್ತವರು. ದೇಹ ಬಹುಕಾಲ ಸಂಕಟಪಟ್ಟರೆ ಥೈಮಸ್ ಕುಗ್ಗುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಹೀಗೆ ಬಡತನ ಒಣಗಿಸಿದ ಗ್ರಂಥಿಯೇ ಪುಸ್ತಕದಲ್ಲಿ ಸಹಜವೆನಿಸಿಕೊಂಡಿತು. ಉಂಡು ಆಡಿಕೊಂಡಿದ್ದು ಹಠಾತ್ತನೆ ಸತ್ತ ಮಗುವಿನ ಸಹಜ ಗ್ರಂಥಿ ರೋಗವೆನಿಸಿಕೊಂಡಿತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಒಂದು ಸಮಿತಿ ನೇಮಕವಾಗಿತ್ತು. ಅದು ಕಲೆಹಾಕಿದ ಅಂಕಿಅಂಶಗಳನ್ನು ಯಂಗ್ ಮತ್ತು ಟರ್ನ್‌ಬುಲ್ ವಿಶ್ಲೇಷಿಸಿ, ಇಂಥದೊಂದು ಕಾಯಿಲೆ ಇದೆಯೆನ್ನಲು ಆಧಾರವಿಲ್ಲವೆಂದು 1931ರಲ್ಲಿಯೇ ಬರೆದರು. ಅಮೆರಿಕದಲ್ಲಿ ಚಿಕಿತ್ಸೆ ನಿಲ್ಲಲಿಲ್ಲ. ಅಲ್ಲಿ ಮಾತನಾಡಿದವರಲ್ಲಿ ಮುಖ್ಯರಾದವರು ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್ಲಿನ ಜಾನ್ ಕ್ಯಾಫಿ. ಎಕ್ಸ್‌ರೇ ಹುಟ್ಟಿದ 1895ರಲ್ಲಿಯೇ ಹುಟ್ಟಿದವರು. ಮಕ್ಕಳ ವೈದ್ಯರಾಗಿದ್ದು, ಚಿತ್ರ ಓದುವ ವಿದ್ಯೆಯನ್ನು ತಾವೇ ಕಲಿತವರು. ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ, ಅದರ ಚಿತ್ರವನ್ನು ಬೇರೆಯಾಗಿಯೇ ಓದಬೇಕೆಂಬುದು ಅವರ ಜೀವಮಾನದ ದುಡಿಮೆ. 1945ರಲ್ಲಿ ಬಂದ ಅವರ ದೊಡ್ಡ ಪುಸ್ತಕ ಈ ಶಾಸ್ತ್ರಕ್ಕೆ ತಳಹದಿಯಾಯಿತು. ಥೈಮಸ್‌ಗೆ ವಿಕಿರಣ ಕೊಡುವುದು ಅರ್ಥವಿಲ್ಲದ ಕ್ರಮವೆಂದು ಅದರಲ್ಲಿ ನೇರವಾಗಿ ಬರೆದರು. ಆದರೂ ರೂಢಿ ಪೂರ್ತಿ ನಿಲ್ಲಲು ಇನ್ನೂ ಹತ್ತು ಹದಿನೈದು ವರ್ಷ ಹಿಡಿಯಿತು.

ಅಷ್ಟರಲ್ಲಿ ಲೆಕ್ಕ ಚುಕ್ತಾ ಮಾಡುವ ಕಾಲ ಬಂದಿತ್ತು. ಎದೆಗೆ ಹಾಯಿಸಿದ ಕಿರಣ ಅಂಗೈ ಅಗಲದ ಆ ಎದೆಯಲ್ಲಿಯೇ ನಿಲ್ಲಲಿಲ್ಲ, ಮೇಲಿದ್ದ ಥೈರಾಯ್ಡ್‌ಗೂ ತಾಗಿತ್ತು. 1950ರಲ್ಲಿ ನ್ಯೂಯಾರ್ಕಿನ ಡಫಿ ಮತ್ತು ಫಿಟ್ಜ್‌ಜೆರಾಲ್ಡ್ ಥೈರಾಯ್ಡ್ ಕ್ಯಾನ್ಸರ್ ಬಂದ 28 ಮಕ್ಕಳ ವಿವರ ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಎಳವೆಯಲ್ಲಿ ಥೈಮಸ್‌ಗೆಂದು ಕಿರಣ ಪಡೆದವರು. ಆಮೇಲೆ ಅದೇ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಲೂಯಿ ಹೆಂಪಲ್‌ಮನ್ ಮತ್ತು ಸಂಗಡಿಗರು, ಹೀಗೆ ಚಿಕಿತ್ಸೆ ಪಡೆದ ಎರಡೂವರೆ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಹುಡುಕಿ, ಅವರ ಒಡಹುಟ್ಟಿದವರೊಂದಿಗೆ ಹೋಲಿಸುತ್ತಾ ದಶಕಗಳ ಕಾಲ ಗಮನಿಸಿದರು. ಒಂದೇ ಮನೆ, ಒಂದೇ ಊಟ, ಕಿರಣವೊಂದೇ ವ್ಯತ್ಯಾಸ. ಕಿರಣ ಪಡೆದವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಬಹಳ ಹೆಚ್ಚಿತ್ತು. ಆ ಹೆಣ್ಣುಮಕ್ಕಳಲ್ಲಿ ನಡುವಯಸ್ಸಿಗೆ ಸ್ತನ ಕ್ಯಾನ್ಸರೂ ಹೆಚ್ಚೆಂದು 1989ರ ವರದಿ ಹೇಳಿತು. ತೊಟ್ಟಿಲಿನಲ್ಲಿ ಕೊಟ್ಟ ಚಿಕಿತ್ಸೆಯ ನೆನಪು ಅವರಿಗೆಲ್ಲಿಂದ ಬರಬೇಕು? ತಾಯಂದಿರು ಹೇಳಿದ್ದರೆ ಉಂಟು, ಇಲ್ಲವಾದರೆ ಆಸ್ಪತ್ರೆಯ ಹಳೆಯ ಕಡತವೇ ಗತಿ. ನನಗೆ ಹೆಚ್ಚು ಕಾಡುವುದು ಆ ತಾಯಂದಿರ ಚಿತ್ರ. ಮಗುವನ್ನು ಉಳಿಸಿಕೊಂಡೆವೆಂದು ಅಂದು ನೆಮ್ಮದಿಯಿಂದ ಮನೆಗೆ ಹೋದವರು ಅವರು.

ಇನ್ನೊಂದು ಸಂಗತಿ ಹೇಳದೆ ಮುಗಿಸುವಂತಿಲ್ಲ. ಇಷ್ಟೆಲ್ಲ ನಡೆಯುವಾಗ ಥೈಮಸ್‌ನ ಕೆಲಸವೇನೆಂಬುದೇ ಯಾರಿಗೂ ಗೊತ್ತಿರಲಿಲ್ಲ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ಮೂವತ್ತರ ತರುಣ, ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೋಂಕಿಗೆ ತುತ್ತಾಗಿ ಸೊರಗಿದವು, ಪರರ ಚರ್ಮ ಕಸಿಮಾಡಿದರೆ ಅದನ್ನು ತಿರಸ್ಕರಿಸಲಾರದೆ ಹೋದವು. ದೇಹದ ರೋಗನಿರೋಧಕ ಕಣಗಳು ಪಾಠ ಕಲಿಯುವ ಜಾಗವೇ ಈ ಗ್ರಂಥಿಯೆಂದು ಆಮೇಲೆ ಸ್ಪಷ್ಟವಾಯಿತು. ನಾನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದದ್ದು ಇದನ್ನು.

ಮೊಮ್ಮಗನ ಆ ಫಿಲ್ಮು ನನ್ನ ಬೀರುವಿನಲ್ಲಿದೆ. ಮೊನ್ನೆ ರಜೆಗೆ ಬಂದಾಗ ಅವನಿಗೆ ತೋರಿಸಿದೆ. ಕಿಟಕಿಗೆ ಹಿಡಿದು ನೋಡಿ, "ಅಜ್ಜಾ, ನನ್ನೊಳಗೆ ದೋಣಿ ಇತ್ತಾ?" ಎಂದ.