ಖಳನಿಗೆ ಒಲಿದ ಕವಿಗಳು

ಬಯಲಾಟದ ರಂಗಕ್ಕೆ ರಾಮನೋ ಕೃಷ್ಣನೋ ಬಂದಾಗ ಜನ ಕೈ ಮುಗಿಯುತ್ತಾರೆ. ರಾವಣ ಬಂದಾಗ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಕರಾವಳಿಯ ತೆಂಕುತಿಟ್ಟಿನ ಯಕ್ಷಗಾನದಲ್ಲಂತೂ ರಕ್ಕಸನ ಪಾತ್ರಕ್ಕೆ ‘ಬಣ್ಣದ ವೇಷ’ ಎಂಬ ಪ್ರತ್ಯೇಕ ಹೆಸರೇ ಇದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಚಿಟ್ಟಿ ಇಡುತ್ತ ಹೋದರೆ ವೇಷ ಮುಗಿಯುವುದಕ್ಕೆ ಗಂಟೆಗಳೇ ಬೇಕು. ವೇಷ ಮುಗಿದ ಮೇಲೂ ಅವನು ತಟ್ಟನೆ ಕಾಣಿಸಿಕೊಳ್ಳುವುದಿಲ್ಲ. ತೆರೆಯ ಹಿಂದೆ ಕುಣಿದು, ಆರ್ಭಟಿಸಿ, ಕಿರೀಟದ ಅಂಚನ್ನಷ್ಟು ತೋರಿಸಿ ಮರೆಯಾಗುತ್ತಾನೆ. ಬಣ್ಣದ ಮಾಲಿಂಗ ಎಂಬ ಹಿರಿಯ ಕಲಾವಿದರಿಗೆ ಆ ವೇಷವೇ ಹೆಸರಿನ ಭಾಗವಾಗಿ ಅಂಟಿಕೊಂಡಿತ್ತು. ರಾಮಕಥೆ ನೋಡಲು ಬಂದ ಜನ ರಾವಣನಿಗಾಗಿ ಏಕೆ ಕಾಯುತ್ತಾರೆ?

ಇದೇ ಪ್ರಶ್ನೆ ಸಾಗರದಾಚೆಯ ಓದುಗರನ್ನೂ ಕಾಡಿದೆ. ಕತ್ತಿ ಮತ್ತು ಮಾಟಮಂತ್ರಗಳ ಸಾಹಸಕಥೆಗಳ ಒಂದು ದೊಡ್ಡ ರಾಶಿಯೇ ಇಂಗ್ಲಿಷಿನಲ್ಲಿದೆ. ಟೆಕ್ಸಾಸಿನ ರಾಬರ್ಟ್ ಹೊವಾರ್ಡ್ 1932ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕೋನನ್ ಎಂಬ ಕಾಡುಗಲಿಯನ್ನು ಸೃಷ್ಟಿಸಿದ. ಈ ಬಗೆಯ ಕಥೆಗಳಿಗೆ ‘ಸೋರ್ಡ್ ಅಂಡ್ ಸಾರ್ಸರಿ’ ಎಂಬ ಹೆಸರು ಸೂಚಿಸಿದವನು ಫ್ರಿಟ್ಜ್ ಲೈಬರ್, 1961ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಮೈಕೆಲ್ ಮೂರ್‌ಕಾಕ್ ಎಲ್ರಿಕ್ ಎಂಬ ರಾಜನ ಮೊದಲ ಕಥೆ ಪ್ರಕಟಿಸಿದ. ಮೈಬಣ್ಣವಿಲ್ಲದ, ರೋಗಿಷ್ಠ ಅರಸ ಈ ಎಲ್ರಿಕ್. ಅವನ ಕೈಯ ಕತ್ತಿ ಕೊಂದವರ ಆತ್ಮವನ್ನು ಕುಡಿದು ಅವನಿಗೆ ಬಲ ತುಂಬುತ್ತದೆ. ಅವನು ಪ್ರೀತಿಸಿದವಳ ಪ್ರಾಣವೂ ಅದೇ ಕತ್ತಿಗೆ ಹೋಗುತ್ತದೆ. ಅಮೆರಿಕದ ಕಾರ್ಲ್ ಎಡ್ವರ್ಡ್ ವ್ಯಾಗ್ನರ್ ಇನ್ನೂ ಮುಂದೆ ಹೋದ. ಮನೋವೈದ್ಯನಾಗಿ ತರಬೇತಿ ಪಡೆದು ಮುಂದೆ ಆ ವೃತ್ತಿ ಬಿಟ್ಟ ಈತ 1970ರಲ್ಲಿ ‘ಡಾರ್ಕ್‌ನೆಸ್ ವೀವ್ಸ್’ ಕಾದಂಬರಿಯ ಮೂಲಕ ಕೇನ್ ಎಂಬವನನ್ನು ಓದುಗರ ಮುಂದೆ ತಂದ. ಬೈಬಲ್ಲಿನಲ್ಲಿ ತಮ್ಮನನ್ನು ಕೊಂದ ಕೇಯ್ನನ ನೆರಳು ಅವನು. ಸಾವಿಲ್ಲ, ನೆಲೆಯಿಲ್ಲ, ಪಶ್ಚಾತ್ತಾಪವೂ ಇಲ್ಲ. ಕಥೆಯ ಖಳ ಯಾರು ಎಂದು ಹುಡುಕಿದರೆ ನಾಯಕನೇ ಸಿಗುತ್ತಾನೆ!

ಎರಡು ಮಹಾಯುದ್ಧಗಳಾದ ಮೇಲೆ ಸಜ್ಜನ ನಾಯಕರಲ್ಲಿ ಜನರಿಗೆ ನಂಬಿಕೆ ಹೋಯಿತು, ಅದಕ್ಕೇ ಇಂಥ ಪಾತ್ರಗಳು ಹುಟ್ಟಿದವು ಎಂದು ವಿವರಿಸುವವರುಂಟು. ಅದರಲ್ಲಿ ಸ್ವಲ್ಪ ಸತ್ಯ ಇರಬಹುದು. ಆದರೆ ಕನ್ನಡಿಗರು ಈ ವಿವರಣೆಯನ್ನು ಹಾಗೇ ಒಪ್ಪಬೇಕಾಗಿಲ್ಲ. ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ನಿಂತು ನೋಡಿ. ಒಂದು ಕಡೆಗೆ ವಿಜಯಪುರ. ಇನ್ನೊಂದು ಕಡೆಗೆ ಕೃಷ್ಣೆಯನ್ನು ದಾಟಿ, ಜಮಖಂಡಿಯ ಮೇಲೆ ಹಾದು ಹೋದರೆ ಮುಧೋಳ. ಎರಡೂ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದಾದ ಊರುಗಳು. ಖಳನಿಗೆ ಮನಸೋತ ಹಳಗನ್ನಡದ ಇಬ್ಬರು ದೊಡ್ಡ ಕವಿಗಳಲ್ಲಿ ಒಬ್ಬನು ಹುಟ್ಟಿದ್ದು ಮುಧೋಳದಲ್ಲಿ, ಇನ್ನೊಬ್ಬನ ನಂಟು ಇದ್ದದ್ದು ವಿಜಯಪುರದಲ್ಲಿ. ಇಬ್ಬರ ನಡುವೆ ನೂರು ವರ್ಷಗಳ ಅಂತರ.

ಮೊದಲನೆಯವನು ರನ್ನ. 949ರಲ್ಲಿ ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದುವ ಹಂಬಲದಿಂದ ಗಂಗರ ನಾಡಿಗೆ ಹೋಗಿ ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಅವನ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರು. ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಅದು. ಹೀಗಾಗಿ ಭೀಮನನ್ನು ಹೊಗಳಬೇಕಾದದ್ದು ಕವಿಯ ಕೆಲಸ, ಹೊಟ್ಟೆಪಾಡಿನ ಕೆಲಸ ಎಂದರೂ ತಪ್ಪಿಲ್ಲ. ಹೊಗಳಿದ್ದಾನೆ ಕೂಡ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ಓದುಗನ ಕಣ್ಣಮುಂದೆ ನಿಲ್ಲುವವನು ಭೀಮನಲ್ಲ, ದುರ್ಯೋಧನ.

ಯುದ್ಧ ಮುಗಿಯುತ್ತ ಬಂದಿದೆ. ಹನ್ನೊಂದು ಅಕ್ಷೋಹಿಣಿಯ ಒಡೆಯ ಸಂಜಯನೊಬ್ಬನನ್ನೇ ಜೊತೆಗಿಟ್ಟುಕೊಂಡು ಹೆಣಗಳ ನಡುವೆ ನಡೆದು ಭೀಷ್ಮನನ್ನು ಕಾಣಲು ಹೋಗುತ್ತಿದ್ದಾನೆ. ದಾರಿಯಲ್ಲಿ ದ್ರೋಣನ ದೇಹ ಸಿಗುತ್ತದೆ. ಅಭಿಮನ್ಯುವಿನ ದೇಹವೂ ಸಿಗುತ್ತದೆ. ಈ ಬಾಲಕನನ್ನು ಹಲವರು ಸುತ್ತುವರಿದು ಕೊಂದ ಪಾಪದಲ್ಲಿ ದುರ್ಯೋಧನನ ಪಾಲೇ ದೊಡ್ಡದು. ಅಂಥವನು ಆ ಹೆಣದ ಮುಂದೆ ನಿಂತು ಅವನ ಪರಾಕ್ರಮಕ್ಕೆ ಕೈ ಮುಗಿಯುತ್ತಾನೆ, ತನಗೂ ಇಂಥ ಸಾವೇ ಬರಲಿ ಎಂದು ಬೇಡುತ್ತಾನೆ. ಮುಂದೆ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕೊನೆಗೆ ಕರ್ಣ. ಕರ್ಣನ ಹುಟ್ಟಿನ ಗುಟ್ಟು ತನಗೆ ಗೊತ್ತಿತ್ತೆಂದು ರನ್ನನ ದುರ್ಯೋಧನ ಹೇಳಿಕೊಳ್ಳುವಲ್ಲಿ ಓದುಗ ಒಂದು ಕ್ಷಣ ತಡೆಯುತ್ತಾನೆ. ಗೊತ್ತಿದ್ದೂ ಗೆಳೆಯನನ್ನು ಬಿಟ್ಟುಕೊಡಲಿಲ್ಲ. ಗೊತ್ತಿದ್ದೂ ಅಣ್ಣತಮ್ಮಂದಿರು ಎದುರುಬದುರಾಗಿ ಕಾದುವುದನ್ನು ತಪ್ಪಿಸಲೂ ಇಲ್ಲ. ಇದು ಸ್ನೇಹವೋ ಸ್ವಾರ್ಥವೋ? ರನ್ನ ತೀರ್ಪು ಕೊಡುವುದಿಲ್ಲ. ಕೊಡದಿರುವುದರಿಂದಲೇ ಈ ಭಾಗಕ್ಕೆ ಅಷ್ಟು ಬಲ ಬಂದಿದೆ ಎಂದು ನನಗೆ ತೋರುತ್ತದೆ.

ಶರಶಯ್ಯೆಯ ಭೀಷ್ಮ ಈಗಲಾದರೂ ಸಂಧಿ ಮಾಡಿಕೋ ಎನ್ನುತ್ತಾನೆ. ತಾನು ಹೋರಾಡುತ್ತಿರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂಬುದು ಮೊಮ್ಮಗನ ಉತ್ತರ. ಈ ‘ಛಲ’ ರನ್ನನಿಗೆ ಪಂಪನಿಂದ ಬಂದ ಬಳುವಳಿ. 941ರಲ್ಲಿ ಮುಗಿದ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ಒಬ್ಬೊಬ್ಬರನ್ನೂ ಒಂದೊಂದು ಗುಣಕ್ಕೆ ನೆನೆಯುವ ಪಂಪ ಪಟ್ಟಿಯ ಮೊದಲಿಗೇ ದುರ್ಯೋಧನನನ್ನು ಇಟ್ಟಿದ್ದ, ಛಲಕ್ಕಾಗಿ. ರನ್ನ ಆ ಒಂದು ಮಾತನ್ನೇ ಒಂದು ಕಾವ್ಯವಾಗಿ ಬೆಳೆಸಿದ ಎನ್ನಬಹುದು. ಮಾಟಮಂತ್ರವೂ ಇಲ್ಲಿದೆ. ಒಂದು ದಿನದ ಮಟ್ಟಿಗೆ ವೈಶಂಪಾಯನ ಸರೋವರದಲ್ಲಿ ಅಡಗಿರು ಎಂದು ಭೀಷ್ಮ ಜಲಮಂತ್ರವನ್ನು ಉಪದೇಶಿಸುತ್ತಾನೆ. ಭೀಮ ದಡದ ಮೇಲೆ ನಿಂತು ಹೀಯಾಳಿಸಿದಾಗ ನೀರಿನೊಳಗಿದ್ದೂ ದುರ್ಯೋಧನನ ಮೈ ಬೆವೆಯುತ್ತದೆ. ಇನ್ನು ಕೆಲವು ಗಂಟೆ ಸುಮ್ಮನಿದ್ದರೆ ಬಲರಾಮ ಬರುತ್ತಿದ್ದ, ಅಶ್ವತ್ಥಾಮ ಬರುತ್ತಿದ್ದ. ಸುಮ್ಮನಿರುವುದು ಅವನಿಂದಾಗಲಿಲ್ಲ. ಮೇಷ್ಟರು ಈ ಪದ್ಯ ಪಾಠ ಮಾಡಿದ ದಿನ ಕೊನೆಯ ಬೆಂಚಿನವರೂ ಕಿವಿಗೊಟ್ಟಿರುತ್ತಾರೆ.

ಒಂದು ಮಾತನ್ನು ಮರೆಯಬಾರದು. ರನ್ನ ಈ ಮಹಾನುಭಾವನನ್ನು ತೋರಿಸುವ ಮೊದಲೇ ದ್ರೌಪದಿಯನ್ನು ತಂದು ನಿಲ್ಲಿಸಿದ್ದಾನೆ. ಮುಡಿ ಇನ್ನೂ ಕಟ್ಟಿಲ್ಲ, ಹಗೆ ಇನ್ನೂ ತೀರಿಲ್ಲ ಎಂದು ಅವಳು ಭೀಮನನ್ನು ಚುಚ್ಚುವ ಮಾತುಗಳು ಓದುಗನ ಕಿವಿಯಲ್ಲಿರುವಾಗಲೇ ದುರ್ಯೋಧನನ ಅಳಲು ಕೇಳಿಸುತ್ತದೆ. ಕನಿಕರಪಡು, ಆದರೆ ಯಾರ ಮೇಲೆ ಎಂಬುದು ನೆನಪಿರಲಿ ಎನ್ನುವಂತಿದೆ ಈ ಜೋಡಣೆ.

ಎರಡನೆಯವನು ಸುಮಾರು 1100ರ ನಾಗಚಂದ್ರ. ತನ್ನನ್ನು ‘ಅಭಿನವ ಪಂಪ’ ಎಂದು ಕರೆದುಕೊಂಡವನು. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿ, ‘ಮಲ್ಲಿನಾಥ ಪುರಾಣ’ ಬರೆದ ಎಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಆಮೇಲೆ ಶತಮಾನಗಳ ಕಾಲ ಬಿಜಾಪುರವೆಂದು ಕರೆಸಿಕೊಂಡ ಊರಿಗೆ 2014ರ ನವೆಂಬರ್ 1ರಂದು ಅಧಿಕೃತವಾಗಿ ಮರಳಿ ಬಂದದ್ದು ಅವನ ಕಾಲದ ಆ ಹೆಸರೇ. ಗೋಳಗುಮ್ಮಟ ನೋಡಲು ಬರುವವರಿಗೆ ಇಲ್ಲೊಬ್ಬ ರಾಮಾಯಣದ ಕವಿ ಇದ್ದನೆಂದು ಯಾರೂ ಹೇಳುವುದಿಲ್ಲ, ಹೇಳಬೇಕಿತ್ತು.

ಅವನ ‘ರಾಮಚಂದ್ರ ಚರಿತ ಪುರಾಣ’ಕ್ಕೆ ಪಂಪ ರಾಮಾಯಣ ಎಂದೇ ರೂಢಿಯ ಹೆಸರು. ವಾಲ್ಮೀಕಿಯ ಕಥೆ ತಿಳಿದವರು ಇದನ್ನು ಓದಿದರೆ ಹೆಜ್ಜೆಹೆಜ್ಜೆಗೂ ಬೆಚ್ಚುತ್ತಾರೆ. ಇದು ಪ್ರಾಕೃತದಲ್ಲಿ ವಿಮಲಸೂರಿ ಬರೆದ ‘ಪಉಮಚರಿಯ’ದ ಜೈನ ಹಾದಿ. ಇಲ್ಲಿ ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ರತ್ನಹಾರದಲ್ಲಿ ಮುಖ ಪ್ರತಿಬಿಂಬಿಸಿ ದಶಮುಖನೆಂಬ ಹೆಸರು ಬಂತು. ಅವನು ರಾಕ್ಷಸನೂ ಅಲ್ಲ, ತಪಸ್ಸಿನಿಂದ ವಿದ್ಯೆಗಳನ್ನು ಒಲಿಸಿಕೊಂಡ ವಿದ್ಯಾಧರ ಅರಸ. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಅನರ್ಥವೆಲ್ಲ ಆರಂಭವಾಗುವುದೂ ಒಂದು ಮಾಯಾಖಡ್ಗದಿಂದಲೇ. ಚಂದ್ರನಖಿಯ ಮಗ ಶಂಬೂಕ ಬಿದಿರ ಮೆಳೆಯೊಳಗೆ ಕುಳಿತು ಸೂರ್ಯಹಾಸವೆಂಬ ಕತ್ತಿಗಾಗಿ ತಪಸ್ಸು ಮಾಡುತ್ತಿದ್ದಾನೆ. ಕತ್ತಿ ಬಂದಿಳಿಯುತ್ತದೆ. ಅತ್ತ ಬಂದ ಲಕ್ಷ್ಮಣ ಅದನ್ನು ಎತ್ತಿಕೊಂಡು, ಹರಿತ ನೋಡೋಣವೆಂದು ಮೆಳೆಗೆ ಬೀಸುತ್ತಾನೆ. ಬಿದಿರಿನ ಜೊತೆ ಶಂಬೂಕನ ತಲೆಯೂ ಉರುಳುತ್ತದೆ. ಎಲ್ರಿಕ್‌ನ ಕತ್ತಿಯ ಕಥೆಗೆ ಬೆರಗಾಗುವವರು ಇದನ್ನೊಮ್ಮೆ ಓದಬೇಕು.

ನಾಗಚಂದ್ರನ ರಾವಣ ಒಂದು ವ್ರತ ಹಿಡಿದವನು: ಒಲ್ಲದ ಪರಸ್ತ್ರೀಯನ್ನು ಮುಟ್ಟೆನು. ಅದು ಬಾಯಿಮಾತಿನ ವ್ರತವಲ್ಲ. ನಳಕೂಬರನ ಹೆಂಡತಿ ತಾನಾಗಿ ಒಲಿದು ಬಂದಾಗಲೂ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೇ ಕಳಿಸಿದ್ದಾನೆ. ಅಂಥವನ ಮನಸ್ಸು ಸೀತೆಯನ್ನು ಕಂಡಾಗ ಕದಡುತ್ತದೆ. ಸಮುದ್ರವೂ ಒಮ್ಮೊಮ್ಮೆ ಎಲ್ಲೆ ಮೀರುವುದುಂಟಲ್ಲ ಎಂಬ ಅರ್ಥದ ಮಾತನ್ನು ಕವಿ ಇಲ್ಲಿ ಆಡುತ್ತಾನೆ. ವಿದ್ಯೆಯ ಬಲದಿಂದ ಅಣ್ಣತಮ್ಮಂದಿರ ಸಂಕೇತ ತಿಳಿದು, ಸುಳ್ಳು ಸಿಂಹನಾದದಿಂದ ರಾಮನನ್ನು ದೂರ ಸೆಳೆದು ಸೀತೆಯನ್ನು ಒಯ್ಯುತ್ತಾನೆ.

ಕಾವ್ಯದ ತಿರುಳು ಇರುವುದು ಇದಾದ ಮೇಲೆ. ಬಹುರೂಪಿಣೀ ವಿದ್ಯೆಯನ್ನು ಗೆದ್ದು, ಇನ್ನು ರಾಮನ ಕಥೆ ಮುಗಿಯಿತು ಎಂದು ರಾವಣ ಸೀತೆಗೆ ಹೇಳುತ್ತಾನೆ. ಅವಳು ರಾಮನನ್ನು ನೆನೆದು ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡ ಗಳಿಗೆಯಲ್ಲಿ ರಾವಣನೊಳಗೆ ಏನೋ ಕಳಚುತ್ತದೆ. ಇಂಥ ಜೋಡಿಯನ್ನು ಅಗಲಿಸಿದೆನಲ್ಲ, ಒಳ್ಳೆಯ ಮಾತು ಹೇಳಿದ ತಮ್ಮ ವಿಭೀಷಣನನ್ನು ಕಳೆದುಕೊಂಡೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಸೀತೆಯ ಮೇಲಿನ ಆಸೆ ಹೋಗುತ್ತದೆ. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಅವಳನ್ನು ಈಗಲೇ ಒಪ್ಪಿಸಿಬಿಡಲೇ ಎಂದು ಯೋಚಿಸುತ್ತಾನೆ. ಆದರೆ ಒಪ್ಪಿಸಿದರೆ ರಾವಣ ಹೆದರಿ ಕೊಟ್ಟ ಎಂದು ಲೋಕ ಆಡಿಕೊಂಡೀತು. ಆದ್ದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೋಲಿಸಿ, ಸೆರೆ ಹಿಡಿದು ತಂದು, ಆಮೇಲೆ ಸೀತೆಯನ್ನು ಕೊಡುತ್ತೇನೆ ಎಂದು ನಿರ್ಧರಿಸುತ್ತಾನೆ. ಕಾಮವನ್ನು ಗೆದ್ದವನಿಗೆ ಮಾನದ ಗೀಳನ್ನು ಗೆಲ್ಲಲಾಗಲಿಲ್ಲ. ಮಾರನೆಯ ಯುದ್ಧದಲ್ಲಿ ಸತ್ತ.

ಈ ಪಾತ್ರಗಳ ಸೆಳೆತ ಕೇಡಿನ ಸೆಳೆತವಲ್ಲ. ಕೇಡು ಎಲ್ಲ ಕಥೆಗಳಲ್ಲೂ ಬೇಕಾದಷ್ಟಿದೆ. ಶಕುನಿಯ ಮೇಲೆ ಯಾರಿಗೂ ಮಮತೆ ಹುಟ್ಟಿಲ್ಲ. ಧರ್ಮರಾಯನಂಥ ನಾಯಕನ ದಾರಿ ಮೊದಲೇ ಹಾಕಿಟ್ಟದ್ದು, ಅವನು ಅದರಲ್ಲಿ ನಡೆಯುತ್ತಾನೆ. ದುರ್ಯೋಧನನಿಗೂ ರಾವಣನಿಗೂ ಹಿಂದಿರುಗುವ ದಾರಿ ಕೊನೆಯ ಗಳಿಗೆವರೆಗೂ ತೆರೆದಿದೆ. ಅದು ಅವರಿಗೆ ಕಾಣುತ್ತಲೂ ಇದೆ. ತಿರುಗಿಯಾನೇ ಎಂದು ನಾವು ಉಸಿರು ಹಿಡಿದು ನೋಡುತ್ತೇವೆ. ಅವನನ್ನು ತಡೆಯುವುದು ಕೆಟ್ಟ ಗುಣವಾಗಿದ್ದರೆ ಬೈದು ಮುಗಿಸಬಹುದಿತ್ತು. ನಾವು ಮೆಚ್ಚುವ ಗುಣವೇ, ನಮ್ಮ ಮನೆಯ ಹಿರಿಯರಲ್ಲಿ ಗೌರವಿಸುವ ಆ ಛಲವೇ, ಇಲ್ಲಿ ಅಡ್ಡ ನಿಂತಿದೆ. ಹೊಲದ ಬದುವಿನ ಒಂದು ಮೊಳ ಜಾಗಕ್ಕೆ ಮೂರು ತಲೆಮಾರು ಕೋರ್ಟು ಹತ್ತಿದ ಮನೆತನಗಳು ಯಾವ ಸೀಮೆಯಲ್ಲಿಲ್ಲ? ಬಿಟ್ಟುಕೊಟ್ಟರೆ ಜನ ಏನಂದಾರು ಎಂಬ ಮಾತು ಲಂಕೆಯಲ್ಲಿ ಮಾತ್ರ ಕೇಳಿದ್ದಲ್ಲ.

ರನ್ನ, ನಾಗಚಂದ್ರ ಇಬ್ಬರೂ ಜೈನರು ಎಂಬುದು ಆಕಸ್ಮಿಕವಲ್ಲ. ಜೈನ ಪುರಾಣದ ಅರುವತ್ತಮೂರು ಶಲಾಕಾಪುರುಷರಲ್ಲಿ 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು ಇದ್ದಾರೆ. ಇವರೊಂದಿಗೆ 9 ಪ್ರತಿವಾಸುದೇವರೂ ಇದ್ದಾರೆ. ರಾವಣ ಅವರಲ್ಲೊಬ್ಬ. ಎಂದರೆ ಪ್ರತಿನಾಯಕನನ್ನು ಮಹಾಪುರುಷರ ಲೆಕ್ಕದಿಂದ ಹೊರಗೆ ಹಾಕಿಲ್ಲ. ರನ್ನನ ಆಶ್ರಯದಾತ ಚಾವುಂಡರಾಯ 978ರಲ್ಲಿ ಗದ್ಯದಲ್ಲಿ ಬರೆದದ್ದು ಈ ಅರುವತ್ತಮೂರು ಜನರ ಚರಿತ್ರೆಯನ್ನೇ. ಇಂಥ ವಾತಾವರಣದಲ್ಲಿ ಬೆಳೆದ ಕವಿಗೆ ರಾವಣನೊಳಗೆ ಒಂದು ಜೀವ ಕಾಣಿಸುವುದು ಕಷ್ಟವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಗಳ ಕಣ್ಣಿನಿಂದ ಈ ಇಬ್ಬರನ್ನೂ ಹೊಸದಾಗಿ ನೋಡಿದರು. ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿ ಹೊಂದಿಸಿದರು, ನಾಗಚಂದ್ರನ ರಾವಣನನ್ನು ದುರಂತನಾಯಕನೆಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ತೋರಿಸಿದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣ ಕನಸಿನಲ್ಲಿ ಸೀತೆಯ ಮಡಿಲ ಮಗುವಾಗುವಷ್ಟು ದೂರ ಈ ಧಾರೆ ಹರಿಯಿತು. ಸಿನಿಮಾದಲ್ಲಿ ಸಜ್ಜನಿಕೆಗೆ ಮತ್ತೊಂದು ಹೆಸರಾದ ರಾಜ್‌ಕುಮಾರ್ 1958ರ ‘ಭೂಕೈಲಾಸ’ದಲ್ಲಿ ರಾವಣ, ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. 1995ರ ‘ಓಂ’ ಬಂದಮೇಲೆ ಲಾಂಗು ಹಿಡಿದ ನಾಯಕರ ಸಾಲೇ ಬಂತು. ಆ ಸಾಲಿನ ಹಲವು ಚಿತ್ರಗಳಲ್ಲಿ ನನಗೆ ಕಾಣದಿರುವುದು ದ್ರೌಪದಿ. ಏಟು ತಿಂದವರಿಗೆ ಅಲ್ಲಿ ಬಾಯಿಲ್ಲ. ಏಟು ಕೊಟ್ಟವನ ನೋವು ಮಾತ್ರ ಹಾಡಾಗುತ್ತದೆ. ವ್ಯಾಗ್ನರನ ಕೇನ್ ಕಥೆಗಳಲ್ಲೂ ಈ ಕೊರತೆಯಿದೆ. ನಾಗಚಂದ್ರನಲ್ಲಿ ರಾವಣನನ್ನು ತಿರುಗಿಸುವುದೇ ಸೀತೆಯ ಮೂರ್ಛೆ.

ಕೇನ್‌ಗೆ ಕೊನೆಯೆಂಬುದಿಲ್ಲ, ತಾನೇ ಹುಟ್ಟಿಸಿದ ಹಿಂಸೆ ತನ್ನನ್ನು ಕೊಲ್ಲುವವರೆಗೆ ಅಲೆಯಬೇಕೆಂಬುದು ಅವನಿಗಿರುವ ಶಾಪ. ಜೈನ ರಾಮಾಯಣ ಪರಂಪರೆಯಲ್ಲಿ ರಾವಣ ಸತ್ತು ನರಕಕ್ಕೆ ಹೋಗುತ್ತಾನೆ. ಅವನನ್ನು ಕೊಂದ ಲಕ್ಷ್ಮಣನೂ ಅಲ್ಲಿಗೇ ಬರುತ್ತಾನೆ. ಅಲ್ಲಿಯೂ ಹಗೆ ಆರಿಲ್ಲ. ತಪಸ್ಸಿನಿಂದ ಸ್ವರ್ಗದಲ್ಲಿ ದೇವನಾಗಿ ಹುಟ್ಟಿದ ಸೀತೆಯ ಜೀವ ಇದನ್ನು ತಿಳಿದು ನರಕಕ್ಕೆ ಇಳಿದು ಬಂದು ಇಬ್ಬರಿಗೂ ಸಮಾಧಾನ ಹೇಳುತ್ತದೆ. ಮುಂದೆ ಎಷ್ಟೋ ಜನ್ಮಗಳಾದ ಮೇಲೆ ರಾವಣ ತೀರ್ಥಂಕರನಾಗುತ್ತಾನೆ. ಆಗ ಅವನ ಉಪದೇಶವನ್ನು ಮೊದಲು ಕೇಳಿ ಲೋಕಕ್ಕೆ ಹೇಳುವ ಗಣಧರನಾಗಿ ಹುಟ್ಟುವುದು ಸೀತೆಯ ಜೀವ.