ಪಾರಸೀಕರ ಪ್ರವಾದಿ ಜರಥುಷ್ಟ್ರ

ಪುರಾಣಶ್ರವಣದಲ್ಲಿ ಬೆಳೆದ ಆಸ್ತಿಕ ಮಹಾಶಯರಿಗೆ ‘ಅಸುರ’ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ಕೋರೆದಾಡೆಯ ರೂಪವೊಂದು ಕಣ್ಣೆದುರಿಗೆ ನಿಲ್ಲುವುದು ಸಹಜವೇ ಆಗಿದೆ. ಆದರೆ ಇದೇ ಶಬ್ದದಿಂದ ಪರಮಾತ್ಮನನ್ನು ಸಂಬೋಧಿಸಿ, ಜ್ಞಾನಸ್ವರೂಪನಾದ ಒಡೆಯನೆಂದು ಆತನನ್ನು ಸಾರಿದ ಮಹಾಪುರುಷನೊಬ್ಬನು ಪ್ರಾಚೀನ ಪಾರಸೀಕ ಜನಾಂಗದಲ್ಲಿ ಆಗಿಹೋದನು. ಆತನೇ ಜರಥುಷ್ಟ್ರನು; ಆತನ ಒಡೆಯನ ಹೆಸರು ಅಹುರ ಮಜ್ದಾ. ಹಳಗನ್ನಡದ ಪಾಲು ಹಾಲಾದಂತೆ, ಆ ಭಾಷೆಯಲ್ಲಿ ನಮ್ಮ ಸಕಾರವು ಹಕಾರವಾಗುವುದು. ಸಿಂಧುವು ಹಿಂದು ಆಯಿತು, ಸಪ್ತವು ಹಪ್ತವಾಯಿತು, ಅಸುರನು ಅಹುರನಾದನು. ಮಜ್ದಾ ಎಂಬುದು ನಮ್ಮ ಮೇಧಾ ಶಬ್ದದ ಒಡಹುಟ್ಟು. ಋಗ್ವೇದದಲ್ಲಿಯೂ ವರುಣಾದಿಗಳಿಗೆ ಅಸುರನೆಂಬುದು ಬಿರುದಾಗಿಯೇ ಸಲ್ಲುತ್ತದೆ. ಕಾಲಾಂತರದಲ್ಲಿ ಇಲ್ಲಿ ಆ ಶಬ್ದವು ಕೆಟ್ಟಿತು. ಅಲ್ಲಿ ‘ದೇವ’ ಶಬ್ದವು ಕೆಟ್ಟು ಪಿಶಾಚವಾಚಕವಾಯಿತು.

ಜರಥುಷ್ಟ್ರನ ಕಾಲದ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಸಂಪ್ರದಾಯವು ಆತನನ್ನು ಅಲೆಗ್ಸಾಂಡರನಿಗಿಂತ ೨೫೮ ವರ್ಷ ಹಿಂದಿನವನೆಂದು ಹೇಳುವುದು. ಆತನ ಗಾಥೆಗಳ ಭಾಷೆಯು ಋಗ್ವೇದಕ್ಕೆ ಅತಿ ಸಮೀಪವಾಗಿರುವುದರಿಂದ ಭಾಷಾಶಾಸ್ತ್ರಜ್ಞರು ಆತನನ್ನು ಇನ್ನೂ ಹಲವು ಶತಮಾನ ಹಿಂದಕ್ಕೆ ಒಯ್ಯುವರು. ನಮಗೂ ಇದೇ ಯುಕ್ತವಾಗಿ ತೋರುತ್ತದೆ. ವಂಶವು ಸ್ಪಿತಮ, ತಂದೆ ಪೌರುಷಸ್ಪ. ಜರಥುಷ್ಟ್ರ ನಾಮದ ಕೊನೆಯಲ್ಲಿರುವುದು ಉಷ್ಟ್ರ, ಎಂದರೆ ಒಂಟೆ. ಪೌರುಷಸ್ಪನ ‘ಅಸ್ಪ’ವು ನಮ್ಮ ಅಶ್ವವೇ. ಕುದುರೆಗಳಿಗೆ ಹೆಸರಾದ ಕುಣಿಗಲಿನ ಭಕ್ತರು, ಪಶುಸಂಪತ್ತೇ ಆ ಜನರ ಐಶ್ವರ್ಯವಾಗಿದ್ದುದನ್ನು ಇದರಿಂದಲೇ ಊಹಿಸಿಕೊಳ್ಳಬಹುದು.

ಮೂವತ್ತನೆಯ ವಯಸ್ಸಿನಲ್ಲಿ ನದೀತೀರದಲ್ಲಿ ಆತನಿಗೆ ದರ್ಶನವಾಯಿತೆಂದೂ, ಮುಂದಿನ ಹತ್ತು ವರ್ಷಗಳಲ್ಲಿ ದಾಯಾದಿಯೊಬ್ಬನ ಹೊರತು ಶಿಷ್ಯರೇ ದೊರೆಯಲಿಲ್ಲವೆಂದೂ ಸಂಪ್ರದಾಯವಿದೆ. ದನವಿಲ್ಲ, ಜನವಿಲ್ಲ, ಯಾವ ನಾಡಿಗೆ ಹೋಗಲೆಂದು ಆತನು ಒಡೆಯನಲ್ಲಿ ಮೊರೆಯಿಡುವ ಭಾಗವು ಗಾಥೆಗಳಲ್ಲಿಯೇ ಇದೆ. ಕಡೆಗೆ ವಿಷ್ಟಾಸ್ಪನೆಂಬ ಅರಸನು ಆಶ್ರಯವಿತ್ತನು.

ಆತನ ಬೋಧೆಯು ಆಯ್ಕೆಯ ಬೋಧೆ. ಸತ್ಯವಾದ ಅಷವೂ, ನಮ್ಮ ದ್ರೋಹ ಶಬ್ದದ ಬಂಧುವಾದ ದ್ರುಜ ಎಂಬ ಅಸತ್ಯವೂ ಎದುರುಬದುರಾಗಿ ನಿಂತಿವೆ. ಸ್ತ್ರೀಯಾಗಲಿ ಪುರುಷನಾಗಲಿ ತಾನೇ ವಿವೇಚಿಸಿ ಆರಿಸಿಕೊಳ್ಳಬೇಕು. ಕುಲವಾಗಲಿ ಪಶುಬಲಿಯಾಗಲಿ ಈ ಹೊಣೆಯಿಂದ ಬಿಡಿಸಲಾರದು. ಅವನ ಅನುಯಾಯಿಗಳು ಹುಮತ, ಹೂಖ್ತ, ಹ್ವರ್ಷ್ತ ಎಂದು ಮೂರನ್ನು ಹೇಳುವರು. ಹಕಾರಕ್ಕೆ ಸಕಾರವಿಟ್ಟು ನೋಡಿದರೆ ಮೊದಲೆರಡು ಸುಮತ, ಸೂಕ್ತಗಳಾಗುವುವು, ಮೂರನೆಯದು ಸತ್ಕ್ರಿಯೆ. ತ್ರಿಕರಣಶುದ್ಧಿಯೆಂದು ನಾವು ಹೇಳುವುದು ಇದನ್ನೇ ಅಲ್ಲವೆ?

ಗಾಥೆಗಳು ಒಟ್ಟು ೧೭. ಗುಬ್ಬಿಯ ಮಲ್ಲಣಾರ್ಯನ ಕೃತಿಗಳಿಗೆ ದೊರೆತ ಓಲೆಗರಿಯ ಆಸರೆಯು ಇವುಗಳಿಗೆ ಬಹುಕಾಲ ಇರಲಿಲ್ಲ. ಪುರೋಹಿತರ ಕಂಠವೇ ಭಂಡಾರವಾಗಿದ್ದಿತು. ಕ್ರಿ. ಪೂ. ೩೩೦ರಲ್ಲಿ ಅಲೆಗ್ಸಾಂಡರನು ಪರ್ಸೆಪೊಲಿಸ್ ಅರಮನೆಯನ್ನು ಸುಡಿಸಿದನು. ಕ್ರಿ. ಶ. ೬೫೧ರಲ್ಲಿ ಕೊನೆಯ ಸಾಸಾನಿ ದೊರೆ ಯಜ್ದೆಗರ್ದನು ಹತನಾದ ಬಳಿಕ ಧರ್ಮಕ್ಕೆ ರಾಜಾಶ್ರಯವೇ ತಪ್ಪಿತು. ಕೆಲವರು ಸಮುದ್ರಮಾರ್ಗವಾಗಿ ಗುಜರಾತಿನ ಸಂಜಾಣಕ್ಕೆ ಬಂದು ಪಾರಸಿಗಳೆನಿಸಿಕೊಂಡರು. (೧೬೮೭ರಲ್ಲಿ ಮೊಗಲರ ಸುಭೆಯಾದ ನಮ್ಮ ಶಿರಾದಲ್ಲಿ ನಡೆದ ಪಾರಸಿ ಭಾಷೆಯು ಈ ಮತದವರು ತಂದುದಲ್ಲ, ಅದು ಮುಸಲ್ಮಾನ ದರ್ಬಾರುಗಳ ಭಾಷೆ.) ಗಾಥೆಗಳ ಶಬ್ದವು ಸ್ವರಸಹಿತವಾಗಿ ಉಳಿಯಿತು, ಅರ್ಥವು ಬಹುಮಟ್ಟಿಗೆ ಮರೆತುಹೋಯಿತು. ಮಂತ್ರವನ್ನು ನಿರ್ದುಷ್ಟವಾಗಿ ಹೇಳುತ್ತ ಅದರ ತಾತ್ಪರ್ಯವನ್ನು ಅರಿಯದಿರುವ ದುಃಸ್ಥಿತಿಯು ಪಾಠಶಾಲೆಗಳಲ್ಲಿ ಕಲಿತ ನಮಗೆ ಅಪರಿಚಿತವೇನೂ ಅಲ್ಲ.

ಇಲ್ಲಿ ಉಪಕಾರಕ್ಕೆ ಬಂದುದು ಸಂಸ್ಕೃತವು. ನೇರ್ಯೋಸಂಗ ಧವಳನೆಂಬ ಪಾರಸಿ ಪಂಡಿತನು ಯಸ್ನ ಗ್ರಂಥವನ್ನು ಪಹ್ಲವಿಯಿಂದ ಸಂಸ್ಕೃತಕ್ಕೆ ತಿರುಗಿಸಿದ್ದನು. ಸೂರತಿನಲ್ಲಿ ಪಾರಸಿ ಪುರೋಹಿತರಿಂದ ಕಲಿತ ಫ್ರೆಂಚರ ಆಂಕೆತಿಲ್ ದ್ಯುಪೆರಾನನು ೧೭೭೧ರಲ್ಲಿ ಅವೆಸ್ತಾದ ಅನುವಾದವನ್ನು ಪ್ರಕಟಿಸಿದಾಗ ಅನೇಕ ವಿದ್ವಾಂಸರು ಅದನ್ನು ಕೃತಕವೆಂದು ಹಳಿದರು. ೧೮೩೩ರಲ್ಲಿ ಬರ್ನೂಫ್ ಪಂಡಿತನು ನೇರ್ಯೋಸಂಗನ ಸಂಸ್ಕೃತವನ್ನೂ ವೇದಭಾಷೆಯನ್ನೂ ಆಧಾರವಾಗಿಟ್ಟುಕೊಂಡು ವ್ಯಾಖ್ಯಾನವನ್ನು ಪ್ರಾರಂಭಿಸಿದ ಮೇಲೆ ಆ ಸಂಶಯವು ನೀಗಿತು. ಯಸ್ನವು ಯಜ್ಞವೆಂದೂ, ಹಓಮವು ಸೋಮವೆಂದೂ, ಜಓತನು ಹೋತೃವೆಂದೂ ತಿಳಿದವನಿಗೆ ಅರ್ಧ ಹಾದಿ ಸಾಗಿದಂತೆಯೇ. ಮುಂದೆ ಪುಣೆಯಲ್ಲಿ ಸಂಸ್ಕೃತಾಧ್ಯಾಪಕನಾಗಿದ್ದ ಮಾರ್ಟಿನ್ ಹೌಗನು, ಇಡೀ ಅವೆಸ್ತಾದಲ್ಲಿ ಗಾಥೆಗಳು ಮಾತ್ರವೇ ಜರಥುಷ್ಟ್ರನ ಸ್ವಂತ ವಾಕ್ಯಗಳೆಂದು ವಿಂಗಡಿಸಿ ತೋರಿಸಿದನು.

೨೦೧೧ರ ಜನಗಣತಿಯಲ್ಲಿ ಭಾರತದ ಪಾರಸಿಗಳು ೫೭,೨೬೪ ಮಂದಿ ಮಾತ್ರ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ೧೯೨೬ರಲ್ಲಿ ಸ್ಥಾಪಿತವಾದ ಅವರ ಅಗ್ನಿಮಂದಿರವಿದೆ. ಅವರನ್ನು ಅಗ್ನಿಪೂಜಕರೆಂದು ಕರೆಯುವುದು ವಾಡಿಕೆಯಾದರೂ, ಅಗ್ನಿಯು ಅವರಿಗೆ ಅಹುರ ಮಜ್ದನ ಸತ್ಯದ ಕುರುಹು. ಅಹುರ ಮಜ್ದನೇ ಅಲ್ಲ. ನವಜೋತವೆಂಬ ಅವರ ದೀಕ್ಷೆಯು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾಗಿ ನಡೆಯುವುದೆಂಬುದು ಲಿಂಗದೀಕ್ಷೆಯನ್ನು ಬಲ್ಲ ನಮ್ಮ ಭಕ್ತರಿಗೆ ಸಂತೋಷವನ್ನುಂಟುಮಾಡುವ ವಿಷಯ. ಅಂದು ಮಗುವಿಗೆ ಸುದ್ರೆಯೆಂಬ ಬಿಳಿಯ ಅಂಗಿಯನ್ನು ತೊಡಿಸಿ, ಯಸ್ನದ ೭೨ ಅಧ್ಯಾಯಗಳ ಗುರುತಾಗಿ ೭೨ ಎಳೆಗಳಿಂದ ನೆಯ್ದ ಕುಸ್ತಿಯನ್ನು ನಡುವಿಗೆ ಸುತ್ತುವರು. ಗಾಥೆಗಳ ಆ ಹಳೆಯ ಭಾಷೆಯಲ್ಲಿಯೇ ಇರುವ ಅಹುನವರ ಮಂತ್ರದ ೨೧ ಶಬ್ದಗಳನ್ನು ಆ ಬಾಲಕ ಬಾಲಿಕೆಯರು ಈಗಲೂ ಬಾಯಿಪಾಠವಾಗಿ ಕಲಿಯುತ್ತಾರೆ.