ತಾಷ್ಕೆಂಟಿನ ದಾರಿ: ೧೯೨೦ರ ಭಾರತೀಯ ವಲಸೆಗಾರರು ಮತ್ತು ಸಶಸ್ತ್ರ ಸಮತಾವಾದದ ಪ್ರಶ್ನೆ

ಸಮತಾವಾದದ ಚರಿತ್ರೆಯನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಕೇಳುವುದುಂಟು. ಕ್ರಾಂತಿಯನ್ನು ಆಯುಧಬಲದಿಂದ ಸಾಧಿಸಬಹುದೆ ಎಂಬುದು ಒಂದು. ಸ್ವದೇಶದಲ್ಲಿ ಅದು ಕೈಗೂಡದೆಂದು ಕಂಡವನು ಕ್ರಾಂತಿ ನಡೆದ ದೇಶಕ್ಕೇ ಹೋಗಿ ನೆಲಸಬಹುದಲ್ಲವೆ ಎಂಬುದು ಮತ್ತೊಂದು. ಇವೆರಡೂ ಏಕಕಾಲದಲ್ಲಿ, ಒಂದೇ ನಗರದಲ್ಲಿ, ಭಾರತೀಯರಿಗೇ ಎದುರಾದ ಪ್ರಸಂಗವೊಂದುಂಟು. ೧೯೨೦-೨೧ರ ತಾಷ್ಕೆಂಟ್ ಆ ನಗರ. ಅಲ್ಲಿಗೆ ಹೋದವರ ಕಥೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗಳನ್ನು ತತ್ತ್ವದ ಮಟ್ಟದಿಂದ ಇಳಿಸಿ ವ್ಯವಹಾರದ ನೆಲದ ಮೇಲೆ ನಿಲ್ಲಿಸಿ ನೋಡಲು ಅವಕಾಶವಾದೀತೆಂದು ನಾವು ಭಾವಿಸಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ವಲಸೆಗಾರರಲ್ಲಿ ಬಹುತೇಕ ಎಲ್ಲರೂ ಸಮಾಜವಾದವನ್ನು ಅರಸಿ ಹೊರಟವರಲ್ಲ. ಖಿಲಾಫತ್ ಚಳುವಳಿಯ ಆವೇಗದಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿರುವ ನೆಲವನ್ನು ತ್ಯಜಿಸುವುದು ಧರ್ಮವೆಂಬ ಉಪದೇಶಕ್ಕೆ ಓಗೊಟ್ಟು, ಅಫ್ಘಾನಿಸ್ತಾನದ ಅಮೀರ್ ಅಮಾನುಲ್ಲಾನ ಆಹ್ವಾನವನ್ನು ನಂಬಿ, ಸಿಂಧ್, ಪಂಜಾಬ್ ಮತ್ತು ವಾಯವ್ಯ ಗಡಿನಾಡುಗಳಿಂದ ೧೯೨೦ರ ಬೇಸಗೆಯಲ್ಲಿ ಸಾವಿರಾರು ಮಂದಿ ಹೊರಟರು. ಇದಕ್ಕೆ ಹಿಜ್ರತ್ ಎಂದೂ, ಹೋದವರಿಗೆ ಮುಹಾಜಿರರೆಂದೂ ಹೆಸರು. ಇದ್ದ ಹೊಲಮನೆಗಳನ್ನು ಬಂದ ಬೆಲೆಗೆ ಮಾರಿ ಗಾಡಿ ಕಟ್ಟಿದ ರೈತರೇ ಇವರಲ್ಲಿ ಹೆಚ್ಚು. ಕಡಮೆಯೆಂದರೂ ಹದಿನೆಂಟು ಸಾವಿರ ಮಂದಿ ಗಡಿ ದಾಟಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಡರಾಷ್ಟ್ರವೊಂದು ಇಷ್ಟು ಜನರನ್ನು ಹೇಗೆ ತಾಳಿಕೊಂಡೀತು? ಆಗಸ್ಟ್ ತಿಂಗಳಲ್ಲಿಯೇ ಅಮೀರನು ಬಾಗಿಲು ಮುಚ್ಚಿದನು. ಬಹುಪಾಲು ಜನ ನಿರ್ಗತಿಕರಾಗಿ ಹಿಂದಿರುಗಿದರು. ದಾರಿಯಲ್ಲಿ ಸತ್ತವರೂ ಅನೇಕರು.

ಹಿಂದಿರುಗಲೊಲ್ಲದ ತರುಣರ ಸಣ್ಣದೊಂದು ಗುಂಪು ಹಿಂದೂಕುಶ್ ಪರ್ವತವನ್ನು ದಾಟಿ, ಮಜಾರ್-ಎ-ಷರೀಫ್ ಮಾರ್ಗವಾಗಿ ಆಮೂ ನದಿಯನ್ನು ಹಾಯ್ದು, ಸೋವಿಯೆತ್ ಆಡಳಿತದಲ್ಲಿದ್ದ ತೆರ್ಮೆಜ್ ಪಟ್ಟಣವನ್ನು ಸೇರಿತು. ಇವರಲ್ಲಿಯೂ ಹಲವರ ಗುರಿ ತುರ್ಕಿಯೇ. ಖಲೀಫನ ಪರವಾಗಿ ಕಾದಬೇಕೆಂಬುದೇ ಅವರ ಹಂಬಲ. ಮುಂದಿನ ದಾರಿಯಲ್ಲಿ ತುರ್ಕಮನ್ ಬಂಡಾಯಗಾರರ ಕೈಗೆ ಸಿಕ್ಕಿ, ಪ್ರಾಣಾಪಾಯದಿಂದ ಪಾರಾಗಿ, ಕಿರ್ಕಿಯ ಕೋಟೆಯಲ್ಲಿ ಕೆಂಪುಸೇನೆಯವರೊಡನೆ ಕೂಡಿ ಇವರು ಬಂದೂಕು ಹಿಡಿದರು. ಯಾರನ್ನು ಕೊಲ್ಲಲು ಹೊರಟಿದ್ದರೋ ಆ ಸ್ವಧರ್ಮೀಯರೇ! ಯಾರು ಸಹಾಯಕ್ಕೆ ಬಂದಿದ್ದರೋ ಆ ನಾಸ್ತಿಕರು! ಇವರಲ್ಲಿ ಕೆಲವರ ಮನಸ್ಸು ತಿರುಗಿದ್ದು ಯಾವುದೋ ಗ್ರಂಥವನ್ನು ಓದಿದ್ದರಿಂದಲ್ಲ, ಇಂತಹ ಅನುಭವದಿಂದ ಎಂಬುದು ನಮ್ಮ ಊಹೆ.

ಅದೇ ವರ್ಷದ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಕಮ್ಯೂನಿಸ್ಟ್ ಇಂಟರ್‌ನ್ಯಾಷನಲ್ಲಿನ ಎರಡನೆಯ ಮಹಾಧಿವೇಶನದಲ್ಲಿ ಲೆನಿನ್ನನಿಗೂ ಮಾನವೇಂದ್ರನಾಥ ರಾಯರಿಗೂ ಪ್ರಸಿದ್ಧವಾದ ಚರ್ಚೆ ನಡೆದಿತ್ತು. ವಸಾಹತುಗಳಲ್ಲಿ ರಾಷ್ಟ್ರೀಯ ಸ್ವಾತಂತ್ರ್ಯ ಚಳುವಳಿಗಳಿಗೆ ಕಮ್ಯೂನಿಸ್ಟರು ಬೆಂಬಲ ನೀಡಬೇಕೆಂದು ಲೆನಿನ್ನನ ವಾದ. ಮಧ್ಯಮವರ್ಗದ ಆ ನಾಯಕತ್ವವನ್ನು ನಂಬಲಾಗದು, ರೈತ ಕಾರ್ಮಿಕರನ್ನು ನೇರವಾಗಿ ಸಂಘಟಿಸಬೇಕೆಂದು ರಾಯರ ವಾದ. ಗಾಂಧೀಜಿಯವರ ಪಾತ್ರವೇ ತಮ್ಮಿಬ್ಬರ ಭಿನ್ನಾಭಿಪ್ರಾಯದ ಕೇಂದ್ರವಾಗಿತ್ತೆಂದು ರಾಯರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ಉಭಯರ ನಿಬಂಧಗಳೂ ತಿದ್ದುಪಡಿಗಳೊಡನೆ ಅಂಗೀಕೃತವಾದವು. ಆದರೆ ನಮ್ಮ ಗಮನ ಸೆಳೆಯುವುದು ಇದಲ್ಲ. ಜನಸಾಮಾನ್ಯರ ಸಂಘಟನೆಯನ್ನು ಕುರಿತು ವಾದಿಸಿದ ರಾಯರೇ, ಆ ಅಧಿವೇಶನದ ತರುವಾಯ, ಆಯುಧಗಳೊಂದಿಗೆ ತಾಷ್ಕೆಂಟಿಗೆ ಬಂದು, ಅಫ್ಘಾನಿಸ್ತಾನದ ಮೂಲಕ ಭಾರತದ ಗಡಿಯ ಮೇಲೆ ಸೇನೆಯೊಂದನ್ನು ನಡೆಸುವ ಯೋಜನೆಯಲ್ಲಿ ತೊಡಗಿದರು! ಈ ವೈಷಮ್ಯವನ್ನು ಅವರ ಅಭಿಮಾನಿಗಳು ಸಾಕಷ್ಟು ವಿಚಾರಮಾಡಿಲ್ಲವೆಂದೇ ಹೇಳಬೇಕಾಗಿದೆ.

ಮುಹಾಜಿರ ತರುಣರಿಗಾಗಿ ಸೈನಿಕ ಶಾಲೆಯೊಂದು ತೆರೆಯಿತು. ೧೯೨೦ರ ಅಕ್ಟೋಬರ್ ೧೭ರಂದು ಏಳು ಮಂದಿ ಸೇರಿ ಭಾರತದ ಕಮ್ಯೂನಿಸ್ಟ್ ಪಕ್ಷವನ್ನು ಅಲ್ಲಿಯೇ ಸ್ಥಾಪಿಸಿದರು. ಮುಹಾಜಿರನಾದ ಮಹಮ್ಮದ್ ಷಫೀಕ್ ಕಾರ್ಯದರ್ಶಿಯಾದನು. ಆ ಏಳು ಮಂದಿಯಲ್ಲಿ ಒಬ್ಬರು ಮದರಾಸಿನಲ್ಲಿ ಹುಟ್ಟಿದ ಎಂ. ಪಿ. ತಿರುಮಲಾಚಾರ್ಯರು. ಅವರ ಹೆಸರಿನ ಮೊದಲಕ್ಷರ ಮಂಡಯಂ ಎಂಬುದನ್ನು ಸೂಚಿಸುತ್ತದೆಂದರೆ ಮೇಲುಕೋಟೆಯ ಕಡೆಯನ್ನು ಬಲ್ಲ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ರಾಯರೊಡನೆ ಮನಸ್ತಾಪ ಬೆಳೆದು ೧೯೨೧ರ ಆರಂಭದಲ್ಲಿಯೇ ಆಚಾರ್ಯರು ಹೊರಬಿದ್ದರು. ಮುಂದೆ ಅರಾಜಕತಾವಾದಿಯಾಗಿ ಬರ್ಲಿನ್ನಿನಲ್ಲಿ ನೆಲಸಿ, ೧೯೩೫ರಲ್ಲಿ ಭಾರತಕ್ಕೆ ಮರಳಿದರು.

ಶಾಲೆ ಬಹುಕಾಲ ಬಾಳಲಿಲ್ಲ. ೧೯೨೧ರ ಮಾರ್ಚ್ ೧೬ರ ಆಂಗ್ಲ-ಸೋವಿಯೆತ್ ವಾಣಿಜ್ಯ ಒಪ್ಪಂದದಲ್ಲಿ, ಬ್ರಿಟಿಷರ ವಿರುದ್ಧ, ಅದರಲ್ಲಿಯೂ ಭಾರತ ಮತ್ತು ಅಫ್ಘಾನಿಸ್ತಾನಗಳಲ್ಲಿ, ಪ್ರಚಾರಕಾರ್ಯ ನಡೆಸಲಾಗದೆಂಬ ಷರತ್ತು ಸೇರಿತು. ಶಾಲೆ ಮುಚ್ಚಿದ್ದಕ್ಕೆ ಈ ಒಪ್ಪಂದವೇ ಕಾರಣವೆಂದು ಸಾಧಾರಣವಾಗಿ ಹೇಳುವುದುಂಟು. ಇದು ಅರ್ಧಸತ್ಯವೆಂದು ನಮ್ಮ ಮತ. ತನ್ನ ನೆಲದ ಮೇಲೆ ಪರಸೇನೆ ಹಾದುಹೋಗಲು ಅಮಾನುಲ್ಲಾ ಒಪ್ಪುವ ಸಂಭವವೇ ಇರಲಿಲ್ಲ. ಒಪ್ಪಂದವಿಲ್ಲದಿದ್ದರೂ ಆ ಸೇನೆಗೆ ದಾರಿಯಿರಲಿಲ್ಲ. ಇನ್ನು ಸೋವಿಯೆತ್ ಸರ್ಕಾರ ಮಾಡಿದ್ದರಲ್ಲಿ ವಿಶ್ವಾಸಘಾತವನ್ನು ಕಾಣುವವರೂ ಇದ್ದಾರೆ. ಅಂತರ್ಯುದ್ಧದಿಂದಲೂ ಕ್ಷಾಮದಿಂದಲೂ ಜರ್ಜರಿತವಾದ ದೇಶ ವ್ಯಾಪಾರವನ್ನು ಬಯಸಿದ್ದು ಸಹಜ. ಆದರೆ ಮನೆಮಠಗಳನ್ನು ಬಿಟ್ಟುಬಂದವನಿಗೆ ಈ ಸಹಜತೆ ಹೇಗೆ ಕಂಡಿರಬೇಕು? ಆಶ್ರಯ ಕೊಟ್ಟ ರಾಜ್ಯ ಎಷ್ಟೇ ಸಮಾಜವಾದಿಯಾಗಿರಲಿ, ಅದಕ್ಕೆ ತನ್ನ ಗಡಿ, ತನ್ನ ಬೊಕ್ಕಸ, ತನ್ನ ರಾಯಭಾರಿಗಳು ಇದ್ದೇ ಇರುತ್ತವೆಂಬುದನ್ನು ಈ ತರುಣರು ಕೆಲವೇ ತಿಂಗಳಲ್ಲಿ ಕಲಿಯಬೇಕಾಯಿತು.

ಅವರಲ್ಲಿ ಕೆಲವರನ್ನು ೧೯೨೧ರಲ್ಲಿಯೇ ಮಾಸ್ಕೋವಿನಲ್ಲಿ ಆರಂಭವಾದ ಪೂರ್ವದೇಶಗಳ ಶ್ರಮಜೀವಿಗಳ ವಿಶ್ವವಿದ್ಯಾಲಯಕ್ಕೆ ಸೇರಿಸಲಾಯಿತು. ಬಂದೂಕಿನ ಸ್ಥಾನದಲ್ಲಿ ಪುಸ್ತಕ ಬಂದಿತು. ಓದು ಮುಗಿಸಿ ಪಾಮೀರ್ ಪರ್ವತಗಳ ಮಾರ್ಗವಾಗಿ ೧೯೨೨ರಲ್ಲಿ ಹಿಂದಿರುಗಿದವರು ಪೊಲೀಸರ ಕೈಗೆ ಸಿಕ್ಕಿದರು. ೧೯೨೨ರಿಂದ ೧೯೨೭ರ ವರೆಗೆ ನಡೆದ ಪೇಷಾವರ ಪಿತೂರಿ ಮೊಕದ್ದಮೆಗಳಲ್ಲಿ ಇವರಿಗೆ ಶಿಕ್ಷೆಯಾಯಿತು. ಇವರು ಭಾರತದಲ್ಲಿ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಅಲ್ಲಿ ಹೋಗಿ ಕಲಿತು ಬಂದದ್ದೇ ಪಿತೂರಿಗೆ ಸಾಕ್ಷಿಯೆನಿಸಿತು.

ಹಾಗಾದರೆ ಅಲ್ಲಿಯೇ ಉಳಿದವರ ಪಾಡೇನು? ಏಳು ಸ್ಥಾಪಕರಲ್ಲೊಬ್ಬರಾದ ಅಬನಿ ಮುಖರ್ಜಿ ಮಾಸ್ಕೋವಿನಲ್ಲಿ ಭಾರತ ವಿಷಯಕ ವಿದ್ವಾಂಸರಾಗಿ ನೆಲಸಿದ್ದರು. ಸರೋಜಿನೀ ನಾಯಿಡುರವರ ಸೋದರರೂ, ಮಂಗಳೂರಿನ ಕಮಲಾದೇವಿಯವರಿಗೆ ಭಾವನವರೂ ಆದ ವೀರೇಂದ್ರನಾಥ ಚಟ್ಟೋಪಾಧ್ಯಾಯರು ಬರ್ಲಿನ್ನಿನಿಂದ ಹೋಗಿ ಲೆನಿನ್‌ಗ್ರಾಡಿನ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಇಬ್ಬರೂ ೧೯೩೭ರಲ್ಲಿ ಬಂಧಿತರಾದರು. ವೀರೇಂದ್ರನಾಥರನ್ನು ಸೆಪ್ಟೆಂಬರ್ ೨ರಂದು, ಅಬನಿಯವರನ್ನು ಅಕ್ಟೋಬರ್ ೨೮ರಂದು ಗುಂಡಿಕ್ಕಿ ಕೊಂದರು. ರಾಯರೊಡನೆ ಇವರಿಬ್ಬರಿಗೂ ಇದ್ದ ವಿರಸ ಬಹಳ ಹಿಂದಿನದು. ಆ ರಾಯರಾದರೋ ೧೯೨೯ರಲ್ಲಿಯೇ ಇಂಟರ್‌ನ್ಯಾಷನಲ್ಲಿನಿಂದ ಬಹಿಷ್ಕೃತರಾಗಿ, ಭಾರತಕ್ಕೆ ಬಂದು, ೧೯೩೧ರಲ್ಲಿ ಮುಂಬಯಿಯಲ್ಲಿ ಸೆರೆಸಿಕ್ಕಿ, ಬ್ರಿಟಿಷರ ಕಾರಾಗೃಹದಲ್ಲಿ ಜೀವ ಉಳಿಸಿಕೊಂಡಿದ್ದರು.

ಮುಹಾಜಿರರಲ್ಲಿ ಒಬ್ಬನಾದ ಬಿಕಾನೇರಿನ ಷೌಕತ್ ಉಸ್ಮಾನಿ ಕಿರ್ಕಿಯನ್ನೂ ತಾಷ್ಕೆಂಟನ್ನೂ ಮಾಸ್ಕೋವನ್ನೂ ಕಂಡು ಇರಾನಿನ ಮೂಲಕ ಹಿಂದಿರುಗಿ, ೧೯೨೪ರ ಕಾನ್‌ಪುರ ಮೊಕದ್ದಮೆಯಲ್ಲಿ ಶಿಕ್ಷೆ ಅನುಭವಿಸಿ, ೧೯೨೮ರಲ್ಲಿ ಮತ್ತೊಮ್ಮೆ ಮಾಸ್ಕೋವಿಗೆ ಹೋದನು. ಈ ಸಲ ಹೋದದ್ದು ನೆಲಸಲಿಕ್ಕಲ್ಲ, ಆರನೆಯ ಮಹಾಧಿವೇಶನಕ್ಕೆ. ಮರುವರ್ಷ ಮೀರತ್ ಮೊಕದ್ದಮೆಯಲ್ಲಿ ಅವನು ಪುನಃ ಸೆರೆಮನೆಯಲ್ಲಿದ್ದನು.